ಅಪರೂಪದ ಹಕ್ಕಿಯ ಲೊಕೇಶನ್ ಗ್ರೂಪಿಗೆ ಹಾಕುವ ಮುನ್ನ

"ನಮ್ಮೂರ ಗುಡ್ಡದಲ್ಲಿ ಕಂಡ ಅಪರೂಪದ ಹಕ್ಕಿ! ಗೂಡಿನಲ್ಲಿ ಎರಡು ಮರಿಗಳಿವೆ. ಲೊಕೇಶನ್ ಕೆಳಗಿದೆ. ಪಕ್ಷಿಪ್ರೇಮಿಗಳಿಗೆಲ್ಲ ತಲುಪುವವರೆಗೂ ಶೇರ್ ಮಾಡಿ."

ಇಂಥದ್ದೊಂದು ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ನಾವು ಇಲ್ಲಿ ಪರೀಕ್ಷೆಗೆ ತೆಗೆದುಕೊಳ್ಳುವ ಫಾರ್ವರ್ಡ್‌ಗಳಲ್ಲಿ ಹೆಚ್ಚಿನವು ಸುಳ್ಳಿನವು. 2017ರಲ್ಲಿ ವಿಶಾಖಪಟ್ಟಣದ ಕಟ್ಟಡವೊಂದರಲ್ಲಿ ಸಿಕ್ಕ ಕಣಜ ಗೂಬೆಯ ಮರಿಗಳ ವಿಡಿಯೊ 'ಅನ್ಯಗ್ರಹ ಜೀವಿಗಳು' ಎಂಬ ಹೆಸರಿನಲ್ಲಿ ದೇಶವೆಲ್ಲ ಸುತ್ತಿತ್ತಲ್ಲ, ಆ ಬಗೆಯವು. ಮೇಲಿನ ಸಂದೇಶ ಹಾಗಲ್ಲ. ಫೋಟೊ ನಿಜ, ಹಕ್ಕಿ ನಿಜ, ಲೊಕೇಶನ್ ಕೂಡ ಸರಿಯಾಗಿಯೇ ಇದೆ. ತೊಂದರೆ ಇರುವುದು ಅಲ್ಲೇ.

ಕಳಿಸಿದವರ ಉದ್ದೇಶ ಕೆಟ್ಟದ್ದಲ್ಲ. 'ಹೆಚ್ಚು ಜನರಿಗೆ ಗೊತ್ತಾದಷ್ಟೂ ಹಕ್ಕಿಗೆ ರಕ್ಷಣೆ ಹೆಚ್ಚು' ಎಂಬ ನಂಬಿಕೆ ಇದರ ಹಿಂದಿದೆ. ಈ ಮಾತು ಎಷ್ಟು ನಿಜ? ಕೆಲವು ಕಡೆ ಪೂರ್ತಿ ನಿಜ, ಕೆಲವು ಕಡೆ ಪೂರ್ತಿ ಸುಳ್ಳು. ಯಾವುದು ಎಲ್ಲಿ ಎಂದು ತಿಳಿಯಬೇಕಾದರೆ ಗೂಡಿನ ಬಳಿ ಏನು ನಡೆಯುತ್ತದೆ ಎಂಬುದರಿಂದ ಶುರು ಮಾಡಬೇಕು.

ದೂರದಿಂದ ನೋಡಿದರೆ ಏನು ತಪ್ಪು?

ಟಿಟ್ಟಿಭ ಹಕ್ಕಿ ನಿಮಗೆ ಗೊತ್ತು. ಕೆರೆಯಂಗಳದಲ್ಲಿ, ಹೊಲದ ಬದುವಿನಲ್ಲಿ ಜನ ಕಂಡ ಕೂಡಲೇ ಕೂಗಾಡಿ ರಂಪ ಮಾಡುವ ಹಕ್ಕಿ. ಅದು ಮರದಲ್ಲಿ ಗೂಡು ಕಟ್ಟುವುದಿಲ್ಲ. ಬರೀ ನೆಲದ ಮೇಲೆ, ಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಬೇಸಿಗೆಯ ಮಧ್ಯಾಹ್ನ ಅದು ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ನೀರಿಗಿಳಿದು ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುವುದೂ ಉಂಟು. ಈಗ ಕ್ಯಾಮೆರಾ ಹಿಡಿದವರೊಬ್ಬರು ಹತ್ತಿರ ಬಂದು ಕೂತರು ಎನ್ನಿ. ಹಕ್ಕಿ ಎದ್ದು ಹೋಗಿ ಕೂಗಾಡುತ್ತದೆ, ಅವರು ಎದ್ದು ಹೋಗುವವರೆಗೆ ಮರಳುವುದಿಲ್ಲ. ಉರಿಬಿಸಿಲಿನಲ್ಲಿ ಬೋಳಾಗಿ ಬಿದ್ದ ಮೊಟ್ಟೆಯೊಳಗಿನ ಜೀವ ಬಹಳ ಹೊತ್ತು ಉಳಿಯದು. ಮೊಟ್ಟೆಯನ್ನು ಯಾರೂ ಮುಟ್ಟಿಲ್ಲ, ಯಾರೂ ಕಲ್ಲೆಸೆದಿಲ್ಲ. ಆದರೂ ಆ ಸಲದ ಸಂಸಾರ ಮುಗಿಯಿತು.

ಒಬ್ಬರು ಬಂದು ಹೋದರೆ ಹಕ್ಕಿ ತಡೆದುಕೊಳ್ಳುತ್ತದೆ. ಲೊಕೇಶನ್ ಹಂಚಿಕೆಯಾದರೆ ಬರುವವರು ಒಬ್ಬರಲ್ಲ. ಬೆಳಿಗ್ಗೆ ಒಂದು ಕಾರು, ಹತ್ತು ಗಂಟೆಗೆ ಎರಡು ಬೈಕು, ಸಂಜೆ ಇನ್ನೊಂದು ತಂಡ. ಪ್ರತಿಯೊಬ್ಬರೂ 'ನಾನು ಬರೀ ಐದು ನಿಮಿಷ ಇದ್ದೆ' ಎಂದೇ ಹೇಳುತ್ತಾರೆ, ಅದು ನಿಜವೂ ಇರುತ್ತದೆ. ಹಕ್ಕಿಯ ಲೆಕ್ಕದಲ್ಲಿ ಮಾತ್ರ ಅವೆಲ್ಲ ಕೂಡಿ ಇಡೀ ದಿನವಾಗುತ್ತದೆ.

ಮರದ ಮೇಲಿನ ಗೂಡಿಗೆ ಬೇರೆ ಅಪಾಯಗಳಿವೆ. ಫೋಟೊಗೆ ಅಡ್ಡ ಬರುವ ಎಲೆ, ರೆಂಬೆಗಳನ್ನು ಕೆಲವರು ಕತ್ತರಿಸುತ್ತಾರೆ. ಆ ಎಲೆಗಳೇ ಗೂಡಿಗೆ ಸೂರು, ಅವೇ ಮರೆ. ಅವು ಹೋದ ಮೇಲೆ ಬಿಸಿಲು, ಮಳೆಯ ಜೊತೆ ಕಾಗೆ, ಕೆಂಬೂತಗಳ ಕಣ್ಣೂ ಬೀಳುತ್ತದೆ. ಜನ ಸೇರಿದ್ದು, ತಾಯಿಹಕ್ಕಿ ಗಾಬರಿಯಿಂದ ಕೂಗುತ್ತಿರುವುದು ಕಾಗೆಗೆ 'ಇಲ್ಲೇನೋ ಇದೆ' ಎಂಬ ಸುಳಿವು. ಹಾರಲು ಇನ್ನೂ ನಾಲ್ಕು ದಿನ ಬೇಕಾದ ಮರಿಗಳು ಹೆದರಿ ಗೂಡಿನಿಂದ ಧುಮುಕಿಬಿಡುವುದೂ ಇದೆ. ನೆಲಕ್ಕೆ ಬಿದ್ದ ಮರಿಯ ಗತಿ ಬೆಕ್ಕಿರುವ ಊರಿನಲ್ಲಿ ಏನಾಗುತ್ತದೆಂದು ಹೇಳಬೇಕಿಲ್ಲ.

ಇಲ್ಲೊಂದು ಹಳೆಯ ನಂಬಿಕೆಯನ್ನು ಸರಿಪಡಿಸಬೇಕು. 'ಮನುಷ್ಯ ಮುಟ್ಟಿದ ಮರಿಯನ್ನು ತಾಯಿಹಕ್ಕಿ ವಾಸನೆ ಹಿಡಿದು ಬಿಟ್ಟುಬಿಡುತ್ತದೆ' ಎಂದು ಅಜ್ಜಿಯರ ಕಾಲದಿಂದ ಹೇಳುತ್ತಾರೆ. ಅದು ಹಾಗಲ್ಲ. ಬಿದ್ದ ಮರಿಯನ್ನು ಎತ್ತಿ ಗೂಡಿನಲ್ಲಿಟ್ಟರೆ ತಾಯಿ ಸಾಮಾನ್ಯವಾಗಿ ಸಾಕುತ್ತದೆ. ಹಕ್ಕಿ ಗೂಡು ಬಿಡುವುದು ವಾಸನೆಗಲ್ಲ, ಮತ್ತೆ ಮತ್ತೆ ಆಗುವ ಕಾಟಕ್ಕೆ. ಅಜ್ಜಿಯ ಕಾರಣ ತಪ್ಪಾಗಿದ್ದರೂ 'ಗೂಡಿನ ಹತ್ತಿರ ಹೋಗಬೇಡ' ಎಂಬ ಅವಳ ಬುದ್ಧಿಮಾತು ಸರಿಯಾಗಿಯೇ ಇತ್ತು!

ಇನ್ನು ಮಂಗಟ್ಟೆ ಹಕ್ಕಿಯನ್ನು ನೋಡಿ. ದಾಂಡೇಲಿ ಸುತ್ತಿನ ಕಾಡಿನಲ್ಲಿ ಕಾಣುವ ದೊಡ್ಡ ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಬಾಗಿಲನ್ನು ತಾನೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಮೂರು ತಿಂಗಳಿಗೂ ಹೆಚ್ಚು ಕಾಲ ಅದು ಒಳಗೇ ಬಂದಿ. ಅದಕ್ಕೂ, ಹುಟ್ಟುವ ಮರಿಗೂ ಹಣ್ಣು ತಂದುಕೊಡುವುದು ಗಂಡು. ಮರದ ಬುಡದಲ್ಲಿ ಜನ ನೆರೆದಿದ್ದರೆ ಗಂಡು ದೂರದ ಕೊಂಬೆಯಲ್ಲಿ ಕೂತು ಕಾಯುತ್ತದೆ, ಕೆಲವೊಮ್ಮೆ ತಂದ ಹಣ್ಣು ಕೊಡದೇ ಹೊರಟುಹೋಗುತ್ತದೆ. ಒಳಗಿರುವವರಿಗೆ ಬೇರೆ ದಾರಿ ಇಲ್ಲ.

ಇದರಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಮಂಗಟ್ಟೆಗೆ ಒಗ್ಗುವ ಪೊಟರೆ ಇರುವ ಮರಗಳು ಕಡಿಮೆ, ಹೀಗಾಗಿ ಅದೇ ಪೊಟರೆಗೆ ವರ್ಷವರ್ಷವೂ ಮರಳುತ್ತದೆ. ಅಂದರೆ ನೀವು ಮೂರು ವರ್ಷದ ಹಿಂದೆ ಯಾವುದೋ ಗ್ರೂಪಿಗೆ ಹಾಕಿದ ಗೂಗಲ್ ಮ್ಯಾಪ್ ಪಿನ್ ಇವತ್ತಿಗೂ ಸರಿಯಾದ ವಿಳಾಸವೇ. ಫಾರ್ವರ್ಡ್‌ಗೆ ಅವಧಿ ಮುಗಿಯುವುದು ಎಂಬುದಿಲ್ಲ.

ನೋಡಲು ಬರುವವರೆಲ್ಲ ನೋಡಲಿಕ್ಕೇ ಬರುವುದಿಲ್ಲ

ಇಷ್ಟು ಹೊತ್ತು ಹೇಳಿದ್ದು ಹಕ್ಕಿಯನ್ನು ಇಷ್ಟಪಡುವವರಿಂದ ಆಗುವ ಕಾಟ. ಗ್ರೂಪಿನಲ್ಲಿ ಬೇರೆಯವರೂ ಇರುತ್ತಾರೆ.

ಮಣ್ಣುಮುಕ್ಕ ಹಾವಿಗೆ ಕೋಟಿ ಬೆಲೆ ಎಂಬ ಕತೆಯನ್ನು ನಂಬಿ ಆ ಪಾಪದ ಹಾವನ್ನು ಹಿಡಿದು ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಕರ್ನಾಟಕದಲ್ಲಿ ಆಗಾಗ ಬರುತ್ತದೆ. ಗೂಬೆಗಳದೂ ಅದೇ ಪಾಡು. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆ 2010ರಲ್ಲಿ ಭಾರತದ ಗೂಬೆ ವ್ಯಾಪಾರದ ಬಗ್ಗೆ ವರದಿ ಪ್ರಕಟಿಸಿತು. ದೇಶದ ಸುಮಾರು 30 ಜಾತಿಯ ಗೂಬೆಗಳಲ್ಲಿ 15 ಜಾತಿಗಳು ಕಳ್ಳವ್ಯಾಪಾರದಲ್ಲಿ ಕಂಡುಬಂದಿದ್ದವು. ಮಾಟಮಂತ್ರ, ಬಲಿ ಇದರ ಮುಖ್ಯ ಕಾರಣ. ದೀಪಾವಳಿ ಹತ್ತಿರ ಬಂದಂತೆ ಬೇಡಿಕೆ ಏರುತ್ತದೆ. ತಲೆಯ ಮೇಲೆ ಕೊಂಬಿನಂಥ ಗರಿಗಳಿರುವ ದೊಡ್ಡ ಗೂಬೆಗೆ ಇನ್ನೂ ಹೆಚ್ಚು. ಹಗಲಿನಲ್ಲಿ ಗೂಬೆ ದಿನವೂ ಒಂದೇ ಬಂಡೆ, ಒಂದೇ ಕೊಂಬೆಯಲ್ಲಿ ಕೂತು ನಿದ್ದೆ ಮಾಡುತ್ತದೆ. ಇಂಥ ಹಕ್ಕಿಯ ಫೋಟೊ ಜೊತೆಗೆ ಜಾಗ, ಸಮಯ ಎರಡನ್ನೂ ಕೊಟ್ಟರೆ ಹಿಡಿಯುವವನಿಗೆ ಹುಡುಕುವ ಕೆಲಸ ಉಳಿಯುವುದಿಲ್ಲ.

ಅಪರೂಪವಾದಷ್ಟೂ ಬೆಲೆ ಏರುವುದು ಹಳೆಯ ಕಾಯಿಲೆ. ಗ್ರೇಟ್ ಆಕ್ ಎಂಬ ಹಾರಲಾರದ ಕಡಲ ಹಕ್ಕಿ ಬಹುಪಾಲು ನಾಶವಾದದ್ದು ಮಾಂಸ, ಗರಿಗಳ ಆಸೆಗೆ. ಆದರೆ 1844ರಲ್ಲಿ ಐಸ್‌ಲ್ಯಾಂಡ್ ಬಳಿಯ ಎಲ್ಡೇ ದ್ವೀಪದಲ್ಲಿ ಉಳಿದಿದ್ದ ಕೊನೆಯ ಜೋಡಿಯನ್ನು ಕೊಂದದ್ದು ಸಂಗ್ರಹಕಾರರಿಗೆ ಮಾರಲು. ಅದು ಕೊನೆಯಾಗುತ್ತಿದೆ ಎಂಬ ಸುದ್ದಿಯೇ ಅದರ ಬೆಲೆ ಹೆಚ್ಚಿಸಿತ್ತು. ಹಕ್ಕಿಯಲ್ಲದಿದ್ದರೂ ಇನ್ನೊಂದು ಉದಾಹರಣೆ ಇಲ್ಲಿ ಹೇಳಬೇಕು: 1999ರಲ್ಲಿ ಚೀನಾದ ಗುಹೆಗಳಲ್ಲಿ ಹೊಸ ಜಾತಿಯ ಹಲ್ಲಿಯೊಂದನ್ನು ವಿಜ್ಞಾನಿಗಳು ವಿವರಿಸಿ, ರೂಢಿಯಂತೆ ಸಿಕ್ಕ ಜಾಗವನ್ನೂ ಬರೆದರು. ಸಾಕುಪ್ರಾಣಿ ವ್ಯಾಪಾರಿಗಳು ಆ ಪ್ರಬಂಧವನ್ನೇ ನಕ್ಷೆ ಮಾಡಿಕೊಂಡು ಹೋದರು. ಕೆಲವೇ ವರ್ಷಗಳಲ್ಲಿ ಆ ಜಾಗದಲ್ಲಿ ಹಲ್ಲಿ ಇಲ್ಲವಾಯಿತು. ಅಂದಿನಿಂದ ವಿಜ್ಞಾನಿಗಳೂ ಕೆಲವು ಜೀವಿಗಳ ವಿಳಾಸ ಬರೆಯುವ ಮುನ್ನ ಯೋಚಿಸುತ್ತಿದ್ದಾರೆ.

ಎರೆಭೂತದ ಒಂದೇ ಮೊಟ್ಟೆ

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಅತ್ಯಂತ ಗಂಭೀರವಾಗಿರುವುದು ಎರೆಭೂತದ ವಿಷಯದಲ್ಲಿ. ಎರ್ಲಡ್ಡು ಎಂದೂ ಕರೆಯುವ ಇದು ಗ್ರೇಟ್ ಇಂಡಿಯನ್ ಬಸ್ಟರ್ಡ್. ಸುಮಾರು ಒಂದು ಮೀಟರ್ ಎತ್ತರದ, ಹಾರಬಲ್ಲ ಹಕ್ಕಿಗಳಲ್ಲೇ ತೀರ ಭಾರದ್ದರಲ್ಲಿ ಒಂದು. 2011ರಿಂದ ಇದು ಜಾಗತಿಕ ಕೆಂಪುಪಟ್ಟಿಯಲ್ಲಿ ಅಳಿವಿನ ಅಂಚಿನ ಕೊನೆಯ ಮೆಟ್ಟಿಲಿನಲ್ಲಿದೆ. ಉಳಿದವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆಯ ಎರೆನೆಲದಲ್ಲಿ ಬೆರಳೆಣಿಕೆಯಷ್ಟು ಕಂಡಿವೆ. ತಾಲ್ಲೂಕಿನ ಹೆಸರು ಎಲ್ಲ ಪತ್ರಿಕೆಗಳಲ್ಲಿ ಬಂದಿರುವುದರಿಂದ ನಾವೂ ಬರೆದಿದ್ದೇವೆ. ಊರು, ಹೊಲದ ಹೆಸರು ಬರೆಯುವುದಿಲ್ಲ. ಈ ಲೇಖನದಲ್ಲಿ ನಾವು ಹೇಳುತ್ತಿರುವ ವ್ಯತ್ಯಾಸ ಇಷ್ಟೇ.

ಈ ಹಕ್ಕಿ ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಸುಮಾರು ನಾಲ್ಕು ವಾರ ಹೆಣ್ಣು ಒಂಟಿಯಾಗಿ ಕಾವು ಕೊಡುತ್ತದೆ. ಗಂಡಿನ ನೆರವಿಲ್ಲ. ಅಂಥ ಒಂದು ಮೊಟ್ಟೆಯ ಬಳಿ ಜೀಪು ನಿಂತರೆ ನಷ್ಟವಾಗುವುದು ಒಂದು ಮೊಟ್ಟೆಯಲ್ಲ, ರಾಜ್ಯದ ಆ ವರ್ಷದ ಇಡೀ ಪೀಳಿಗೆಯೇ ಇರಬಹುದು.

ಹಾಗೆಂದು ಎರೆಭೂತ ಕಡಿಮೆಯಾದದ್ದು ಕ್ಯಾಮೆರಾದವರಿಂದ ಎಂದು ಹೇಳುವುದು ಅನ್ಯಾಯ. ಹಿಂದಿನ ಬೇಟೆ, ಉಳುಮೆಗೆ ಮತ್ತು ಯೋಜನೆಗಳಿಗೆ ಹೋದ ಹುಲ್ಲುಗಾವಲು, ಮರಿ ಮೊಟ್ಟೆ ತಿನ್ನುವ ನಾಯಿಗಳು, ಈಗ ಎಲ್ಲಕ್ಕಿಂತ ಹೆಚ್ಚಾಗಿ ಹಾರುವಾಗ ಡಿಕ್ಕಿ ಹೊಡೆಯುವ ವಿದ್ಯುತ್ ತಂತಿಗಳು ಇದಕ್ಕೆ ಕಾರಣ. ಆದರೆ ಇಷ್ಟೆಲ್ಲ ದಾಟಿ ಉಳಿದ ನಾಲ್ಕಾರು ಹಕ್ಕಿಗಳ ಮೇಲೆ ನಮ್ಮ ಕುತೂಹಲದ ಭಾರವನ್ನೂ ಹೇರಬೇಕೆ?

ಹೇಳಿದ್ದರಿಂದಲೇ ಉಳಿದವು

ಈಗ ನಾಣ್ಯದ ಇನ್ನೊಂದು ಮುಖ. ಮುಚ್ಚಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬುದೂ ನಿಜವಲ್ಲ.

ಸ್ಕಾಟ್‌ಲ್ಯಾಂಡಿನ ಲಾಕ್ ಗಾರ್ಟನ್ ಸರೋವರದ ಕತೆ ಕೇಳಿ. ಆಸ್ಪ್ರೆ ಎಂಬುದು ಮೀನು ಹಿಡಿಯುವ ಬೇಟೆಹಕ್ಕಿ. ಚಳಿಗಾಲದಲ್ಲಿ ಕಬಿನಿ, ಭದ್ರಾ ಹಿನ್ನೀರಿನಲ್ಲಿ ಇದೇ ಜಾತಿಯನ್ನು ನೀವು ನೋಡಬಹುದು. ಬೇಟೆ ಮತ್ತು ಮೊಟ್ಟೆ ಸಂಗ್ರಹದ ಹುಚ್ಚಿನಿಂದ ಬ್ರಿಟನ್ನಿನಲ್ಲಿ ಅದರ ಸಂತಾನವೇ ನಿಂತುಹೋಗಿತ್ತು. 1950ರ ದಶಕದಲ್ಲಿ ಒಂದು ಜೋಡಿ ಮರಳಿ ಬಂತು. ಪಕ್ಷಿ ಸಂರಕ್ಷಣಾ ಸಂಘ ಆರ್‌ಎಸ್‌ಪಿಬಿ ಜಾಗವನ್ನು ಗುಟ್ಟಾಗಿಟ್ಟು ಕಾವಲು ಹಾಕಿತು. ಆದರೂ 1958ರಲ್ಲಿ ಕಳ್ಳನೊಬ್ಬ ರಾತ್ರಿ ಮರ ಹತ್ತಿದ. ಗದ್ದಲದಲ್ಲಿ ಮೊಟ್ಟೆಗಳು ಕೆಳಗೆ ಬಿದ್ದು ಒಡೆದವು. ಬೂಟ್ ಪಾಲಿಶ್ ಬಳಿದ ಕೋಳಿಮೊಟ್ಟೆಗಳನ್ನು ಅವನು ಗೂಡಿನಲ್ಲಿ ಇಟ್ಟುಹೋಗಿದ್ದ! ಗುಟ್ಟು ಗೊತ್ತಾಗಬಾರದವರಿಗೆ ಗೊತ್ತಾಗಿತ್ತು, ಕಾಯಬಲ್ಲ ಜನರಿಗೆ ಮಾತ್ರ ಗೊತ್ತಿರಲಿಲ್ಲ.

ಮರುವರ್ಷ ಸಂಘ ತಂತ್ರ ಬದಲಿಸಿತು. ಮರಕ್ಕೆ ಮುಳ್ಳುತಂತಿ ಸುತ್ತಿ, ದೂರದಲ್ಲೊಂದು ಮರೆಗೂಡು ಕಟ್ಟಿ, ದೂರದರ್ಶಕ ಇಟ್ಟು, 'ಬಂದು ನೋಡಿ' ಎಂದು ಸಾರ್ವಜನಿಕರನ್ನು ಕರೆಯಿತು. 1959ರ ಆ ಋತುವಿನಲ್ಲಿ ಸುಮಾರು 14,000 ಜನ ಬಂದರು. ಮೂರು ಮರಿಗಳು ಹಾರಿದವು. ಇವತ್ತು ಬ್ರಿಟನ್ನಿನಲ್ಲಿ ನೂರಾರು ಜೋಡಿ ಆಸ್ಪ್ರೆಗಳಿವೆ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ನಾಗಾಲ್ಯಾಂಡಿನ ಅಮುರ್ ಚಾಣ. ಪೂರ್ವ ಏಷ್ಯಾದಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗುವ ದಾರಿಯಲ್ಲಿ ಈ ಪುಟ್ಟ ಹಕ್ಕಿಗಳು ದೊಯಾಂಗ್ ಜಲಾಶಯದ ಬಳಿ ಲಕ್ಷಗಟ್ಟಲೆ ಇಳಿಯುತ್ತವೆ. 2012ರಲ್ಲಿ ಅಲ್ಲಿ ಬಲೆ ಕಟ್ಟಿ ಹತ್ತಾರು ಸಾವಿರ ಹಕ್ಕಿಗಳನ್ನು ಮಾಂಸಕ್ಕಾಗಿ ಕೊಲ್ಲುತ್ತಿದ್ದ ದೃಶ್ಯಗಳನ್ನು ಸಂರಕ್ಷಣಾ ಕಾರ್ಯಕರ್ತರು ಹೊರಗೆ ತಂದರು. ಅದು ಜಗತ್ತೆಲ್ಲ ಹರಡಿತು. ಪಾಂಗ್ತಿ ಮತ್ತು ಸುತ್ತಲ ಹಳ್ಳಿಗಳವರೇ ಬೇಟೆ ನಿಲ್ಲಿಸಲು ಒಪ್ಪಿದರು. 2013ರಲ್ಲಿ ಅಲ್ಲಿ ಒಂದೂ ಹಕ್ಕಿ ಬಲೆಗೆ ಬೀಳಲಿಲ್ಲವೆಂದು ವರದಿಯಾಯಿತು. ಆ ವರ್ಷ ಉಪಗ್ರಹ ಟ್ಯಾಗ್ ಹಾಕಿ ಬಿಟ್ಟ ಹಕ್ಕಿಗಳಲ್ಲಿ ಒಂದಕ್ಕೆ ಪಾಂಗ್ತಿ ಎಂದೇ ಹೆಸರಿಟ್ಟರು.

ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ವಿಳಾಸವೂ ಯಾರಿಗೂ ಗುಟ್ಟಲ್ಲ. ಹಕ್ಕಿಗಳು ಮನೆಯಂಗಳದ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ, ಇಡೀ ಊರೇ ಕಾವಲು.

ಈ ಮೂರರಲ್ಲೂ ಇರುವ ಸಮಾನ ಅಂಶವನ್ನು ನೋಡಿ. ಸುದ್ದಿ ಹರಡಿದ ಜಾಗದಲ್ಲಿ ಹಕ್ಕಿಯ ಪರವಾಗಿ ನಿಲ್ಲುವ ಜನ ಇದ್ದರು. ನಿಮ್ಮ ಗ್ರೂಪಿನ ಪಿನ್ ತೋರಿಸುವ ಗುಡ್ಡದಲ್ಲಿ ಯಾರಿದ್ದಾರೆ? ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದೇ ಎಂದು ನಮಗನ್ನಿಸುತ್ತದೆ.

ದಾರಿ ತಪ್ಪಿ ಬಂದ ವಲಸೆ ಹಕ್ಕಿಯ ಮಾತು ಬೇರೆ. 1989ರ ಫೆಬ್ರವರಿಯಲ್ಲಿ ಅಮೆರಿಕದ ಪುಟ್ಟ ಹಕ್ಕಿಯೊಂದು ಇಂಗ್ಲೆಂಡಿನ ಕೆಂಟ್ ಕೌಂಟಿಯಲ್ಲಿ ಸೂಪರ್‌ಮಾರ್ಕೆಟ್ ಪಕ್ಕದ ಪೊದೆಯಲ್ಲಿ ಕಂಡಾಗ ಸಾವಿರಾರು ಜನ ಮುಗಿಬಿದ್ದು ನೋಡಿದರು. ಅದಕ್ಕೆ ಅಲ್ಲಿ ಗೂಡೂ ಇರಲಿಲ್ಲ, ಮರಿಯೂ ಇರಲಿಲ್ಲ. ಊರ ಕೆರೆಗೆ ಬಂದ ಅಪರೂಪದ ಬಾತುಕೋಳಿಯನ್ನು ಏರಿಯ ಮೇಲೆ ನಿಂತು ಹತ್ತು ಜನ ನೋಡಿದರೂ ಹೆಚ್ಚೇನೂ ಕೆಡುವುದಿಲ್ಲ. ಆದರೆ ಅದು ದಣಿದು ಬಂದಿರುತ್ತದೆ, ಹಾರಿಸಿ ಫೋಟೊ ತೆಗೆಯಬೇಡಿ.

ದಾಖಲಿಸಬೇಕು, ಆದರೆ ಎಲ್ಲಿ?

'ಹಾಗಾದರೆ ಯಾರಿಗೂ ಹೇಳಲೇಬಾರದೆ?' ಹೇಳಬೇಕು. 2023ರಲ್ಲಿ ಬಂದ 'ಭಾರತದ ಪಕ್ಷಿಗಳ ಸ್ಥಿತಿಗತಿ' ವರದಿ 942 ಜಾತಿಗಳನ್ನು ಪರಿಶೀಲಿಸಿದ್ದು 30,000ಕ್ಕೂ ಹೆಚ್ಚು ಹವ್ಯಾಸಿಗಳು ದಾಖಲಿಸಿದ ಸುಮಾರು 3 ಕೋಟಿ ಮಾಹಿತಿಯ ಆಧಾರದ ಮೇಲೆ. ಯಾವ ಹಕ್ಕಿ ಕಡಿಮೆಯಾಗುತ್ತಿದೆ ಎಂದು ಗೊತ್ತಾಗುವುದು ಹೀಗೆಯೇ.

ಆ ಮಾಹಿತಿ ಸೇರುವ ಜಾಲತಾಣ ಇ-ಬರ್ಡ್. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಕೇಂದ್ರ ಇದನ್ನು ನಡೆಸುತ್ತದೆ. 2017ರಿಂದ ಅದರಲ್ಲೊಂದು ವ್ಯವಸ್ಥೆ ಇದೆ. ಬೇಟೆ, ಸೆರೆ, ಕಾಟದ ಅಪಾಯವಿರುವ ಹಕ್ಕಿಗಳನ್ನು 'ಸೂಕ್ಷ್ಮ ಜಾತಿ' ಎಂದು ಪಟ್ಟಿ ಮಾಡಿದ್ದಾರೆ. ನೀವು ನಿಖರ ಜಾಗವನ್ನೇ ದಾಖಲಿಸಬಹುದು, ಸಂಶೋಧನೆಗೆ ಅದು ಉಳಿಯುತ್ತದೆ. ಸಾರ್ವಜನಿಕ ನಕ್ಷೆಯಲ್ಲಿ ಮಾತ್ರ 20 ಕಿ.ಮೀ. ಉದ್ದ, 20 ಕಿ.ಮೀ. ಅಗಲದ ಚೌಕವಷ್ಟೇ ಕಾಣುತ್ತದೆ. ಅಂದರೆ 400 ಚದರ ಕಿ.ಮೀ., ಬೆಂಗಳೂರು ನಗರದ ಅರ್ಧಕ್ಕಿಂತ ಹೆಚ್ಚು. ಅಷ್ಟರಲ್ಲಿ ಒಂದು ಗೂಡು ಹುಡುಕುವುದು ಸುಲಭವಲ್ಲ. ಆದರೆ ಇದೇ ಹಕ್ಕಿಯ ಪಿನ್ ಅನ್ನು ಅದೇ ಸಂಜೆ ವಾಟ್ಸಾಪ್‌ಗೆ ಹಾಕಿದರೆ ಈ ಏರ್ಪಾಡೆಲ್ಲ ವ್ಯರ್ಥ.

ಫೋನೂ ಬಾಯಿ ಬಿಡುತ್ತದೆ

ನೀವು ಜಾಗದ ಹೆಸರು ಬರೆಯದಿದ್ದರೂ ಫೋಟೊದೊಳಗೆ ಅದು ಇರಬಹುದು. ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ತೆಗೆದ ಪ್ರತಿ ಚಿತ್ರದ ಜೊತೆ ಅಕ್ಷಾಂಶ, ರೇಖಾಂಶ, ಸಮಯ ಸೇರಿಕೊಳ್ಳುತ್ತವೆ. ವಾಟ್ಸಾಪ್‌ನಲ್ಲಿ ಮಾಮೂಲಿಯಂತೆ ಫೋಟೊ ಎಂದು ಕಳಿಸಿದರೆ ಈ ಮಾಹಿತಿ ಕಳಚಿಹೋಗುತ್ತದೆ. ಆದರೆ ಕ್ವಾಲಿಟಿ ಕೆಡಬಾರದೆಂದು 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಹಾಗೆಯೇ ಹೋಗುತ್ತದೆ. ಹಕ್ಕಿ ಫೋಟೊ ತೆಗೆಯುವವರು ಕಳಿಸುವುದು ಹೆಚ್ಚಾಗಿ ಹೀಗೆಯೇ! ಇ-ಮೇಲ್‌ನಲ್ಲಿ ಲಗತ್ತಿಸಿದರೂ ಅಷ್ಟೇ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಉಳಿಸುವ ಆಯ್ಕೆಯನ್ನು ಆಫ್ ಮಾಡಿಕೊಳ್ಳಿ. ಈಗಾಗಲೇ ತೆಗೆದ ಚಿತ್ರವಾದರೆ ಅದರ ಸ್ಕ್ರೀನ್‌ಶಾಟ್ ತೆಗೆದು ಕಳಿಸುವುದು ಸುಲಭದ ಉಪಾಯ.

ಹಿನ್ನೆಲೆಯ ಗುಡಿಯ ಗೋಪುರ, ಕಿಲೋಮೀಟರ್ ಕಲ್ಲು, ಗಾಳಿಯಂತ್ರಗಳ ಸಾಲು ಕೂಡ ವಿಳಾಸವೇ. ಆ ಕಡೆಯವರಿಗೆ ಒಂದು ನೋಟ ಸಾಕು.

ಏನು ಮಾಡಬಹುದು?

ಗೂಡು, ಮೊಟ್ಟೆ, ಮರಿ ಇರುವ ಚಿತ್ರವನ್ನು ಆ ಋತು ಮುಗಿಯುವವರೆಗೆ ಹಂಚದಿರುವುದು ಒಳ್ಳೆಯದು. ಹಲವು ಫೋಟೊ ಸ್ಪರ್ಧೆಗಳು ಈಗ ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ. ಮಂಗಟ್ಟೆಯಂತೆ ಅದೇ ಗೂಡಿಗೆ ಮರಳುವ ಹಕ್ಕಿಯಾದರೆ ಜಾಗವನ್ನು ಯಾವತ್ತೂ ಹೇಳಬೇಡಿ. ಗೂಬೆಗೂ ಇದೇ ನಿಯಮ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದನ್ನು ಬಿಡಿ. ಗಂಡುಹಕ್ಕಿ ಅದನ್ನು ಎದುರಾಳಿಯೆಂದು ತಿಳಿದು, ಮರಿಗೆ ಆಹಾರ ತರುವುದು ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತ ಅಲೆಯುತ್ತದೆ.

ಬಲೆ, ಉರುಲು, ಹಕ್ಕಿ ಮಾರಾಟ ಕಂಡರೆ ಮಾತ್ರ ತಡಮಾಡದೆ ನಿಖರ ಜಾಗವನ್ನೇ ಹೇಳಿ. ಆದರೆ ಗ್ರೂಪಿಗಲ್ಲ, ಅರಣ್ಯ ಇಲಾಖೆಗೆ. ಕರ್ನಾಟಕದ ಅರಣ್ಯ ಸಹಾಯವಾಣಿ ಸಂಖ್ಯೆ 1926. ಕಾಡುಹಕ್ಕಿ ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ನಿಮ್ಮ ಫೋಟೊ ಕೆಳಗೆ 'ಸರ್, ಲೊಕೇಶನ್ ಪ್ಲೀಸ್' ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಜಿಲ್ಲೆಯ ಹೆಸರು ಹೇಳಿ, 'ಗೂಡಿನ ಸಮಯ, ಅದಕ್ಕಿಂತ ಹೆಚ್ಚು ಹೇಳಲಾರೆ' ಎಂದರೆ ನಿಜವಾದ ಪಕ್ಷಿಪ್ರೇಮಿ ಬೇಸರಿಸಿಕೊಳ್ಳುವುದಿಲ್ಲ. ಬೇಸರಿಸಿಕೊಂಡವರಿಗೆ ಹೇಳದೇ ಇದ್ದದ್ದೇ ಒಳ್ಳೆಯದಾಯಿತು.

ಈಗಾಗಲೇ ಲೊಕೇಶನ್ ಕಳಿಸಿಬಿಟ್ಟಿದ್ದರೆ? ವಾಟ್ಸಾಪ್‌ನಲ್ಲಿ ಸುಮಾರು ಎರಡು ದಿನದವರೆಗೆ 'ಡಿಲೀಟ್ ಫಾರ್ ಎವ್ರಿವನ್' ಮಾಡಲು ಅವಕಾಶವಿದೆ. ಅಷ್ಟರಲ್ಲಿ ಬೇರೆ ಗ್ರೂಪುಗಳಿಗೆ ಫಾರ್ವರ್ಡ್ ಆದ ಪ್ರತಿಗಳನ್ನು ಮಾತ್ರ ಹಿಂದಕ್ಕೆ ತರಲು ಆಗುವುದಿಲ್ಲ.